ಸೊಂಟ ಮುರಿದಿರೋ ಅಜ್ಜಿಗೆ ಕೋವಿಡ್ ಪಾಸಿಟಿವ್ ಬಂದ್ರೆ ಆಪರೇಷನ್ ಮುಂದಕ್ಕೆ ಹಾಕ್ಬೇಕಾ?

ಅಜ್ಜಿಗೆ ಸೊಂಟ ಮುರಿದಿದೆ, ಜೊತೆಗೆ ಕೋವಿಡ್, ನೆಗೆಟಿವ್ ಬರೋವರ್ಗೂ ಕಾಯೋಣ ಅಂತ ಮನೇಲಿ ಹೇಳ್ತಿದಾರೆ ಅಂದಿದೀರ. ನಾನು ಡಾಕ್ಟರ್ ಅಲ್ಲ, ಆದ್ರೆ ಹಾಸನದಲ್ಲಿ ನಮ್ಮಜ್ಜಿ ಮಂಚದ ಪಕ್ಕ 11 ದಿನ ಕೂತಿದ್ದೋನು. ಡಾಕ್ಟರ್ ಮಾಡ್ಬೋದು ಅಂದ್ರೆ ದಯವಿಟ್ಟು ಕಾಯ್ಬೇಡಿ.

2021ರ ಮೇ ತಿಂಗಳು, ಆಲೂರು ಹತ್ರ ನಮ್ಮೂರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರು, ಎತ್ತಿ ಮಲಗ್ಸಿದ್ರೆ ಎಡಗಾಲು ಗಿಡ್ಡ ಆಗಿ ಪಾದ ಹೊರಕ್ಕೆ ತಿರುಗೋಗಿತ್ತು, ಆಸ್ಪತ್ರೆಗೆ ಕರ್ಕೊಂಡೋದ್ರೆ ಪಾಸಿಟಿವ್. ಚಿಕ್ಕಪ್ಪ ಹದಿನೈದು ದಿನ ಬಿಟ್ಟು ಮಾಡ್ಸೋಣ ಅಂದ್ರು. ಅವರ ಹೆದರಿಕೆ ಸುಳ್ಳಲ್ಲ. 2020ರಲ್ಲಿ, ಲಸಿಕೆ ಬರೋಕೆ ಮುಂಚೆ, ಹೊರದೇಶಗಳ ಆಸ್ಪತ್ರೆಗಳಲ್ಲಿ ನೋಡ್ದಾಗ ಸೊಂಟ ಮುರಿದ ವಯಸ್ಸಾದೋರಲ್ಲಿ ಕೋವಿಡ್ ಇಲ್ಲದೋರು ಒಂದು ತಿಂಗಳೊಳಗೆ ನೂರಕ್ಕೆ 10 ಜನ, ಕೆಲವು ಕಡೆ ಅದಕ್ಕೂ ಕಮ್ಮಿ ತೀರ್ಕೊಂಡಿದ್ರು, ಇದ್ದೋರಲ್ಲಿ ಅದು 30ರಿಂದ 35. ವೈರಸ್ಸು ಶ್ವಾಸಕೋಶಕ್ಕೆ ಹೊಡೆಯುತ್ತೆ, ರಕ್ತ ಹೆಪ್ಪುಗಟ್ಟೋ ಹಾಗೂ ಮಾಡುತ್ತೆ, ಮೂಳೆ ಮುರಿದು ಮಲಗ್ದೋರಿಗೆ ಮೊದ್ಲೇ ಈ ಎರಡೂ ತೊಂದ್ರೆ ಇದ್ದಿದ್ದೇ.

ಆದ್ರೆ ಕಾದ್ರೆ ಏನಾಗುತ್ತೆ ನೋಡಿ. ಅಂಗಾತ ಮಲಗಿದ್ರೆ ಕಫ ಎದೇಲೇ ನಿಂತು ನ್ಯುಮೋನಿಯಾ, ಬೆನ್ನಲ್ಲಿ ಹುಣ್ಣು, ನೋವಿಗೆ ಊಟ ಸೇರಲ್ಲ, ಕೋವಿಡ್ ಇಲ್ಲದಿದ್ರೂ ವಯಸ್ಸಾದೋರ್ನ ಸೋಲ್ಸೋದು ಇದೇ. ಇಂಗ್ಲೆಂಡಲ್ಲಿ 36 ಗಂಟೆ ಒಳಗೆ ಆಪರೇಷನ್ ಆಗ್ಬೇಕು ಅಂತ ಗುರಿ ಇಟ್ಕೊಂಡಿರೋದೂ ಇದಕ್ಕೇ. ನಮ್ಮಜ್ಜಿಗೆ ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಮಟ್ಟ, 95 ಇತ್ತು, ಉಸಿರು ಕಟ್ತಿರ್ಲಿಲ್ಲ, ಡಾಕ್ಟರ್ ಬೆನ್ನಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮೂರನೇ ದಿನ ಆಪರೇಷನ್ ಮಾಡಿದ್ರು. ಆಕ್ಸಿಜನ್ ತುಂಬಾ ಬೇಕಾಗ್ತಿದ್ರೆ ಮಾತ್ರ ಲೆಕ್ಕಾಚಾರವೇ ಬೇರೆ, ಆಗ ಮೊದ್ಲು ಉಸಿರಾಟ ಸುಧಾರಿಸ್ಲಿ ಅಂತ ಡಾಕ್ಟ್ರೇ ನಿಲ್ಲಿಸ್ಬೋದು, ಅವಾಗ ನೀವು ಒತ್ತಾಯ ಮಾಡ್ಬೇಡಿ.

ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಡ್ತಿದೀರಾ, ಯಾವಾಗಿಂದ ಕೂರಿಸ್ಬೋದು ಅಂತ ಡಾಕ್ಟರ್ ಹತ್ರ ಇವತ್ತೇ ಕೇಳಿ. ಮಂಚದ ತಲೆ ಕಡೆ ಎಷ್ಟು ಎತ್ತಿಡ್ಬೋದು ಅಂತ ನರ್ಸ್ ಹತ್ರ ಕೇಳ್ಕೊಂಡು ಎತ್ತಿಡ್ಸಿ. ಮೂರು ಬಾಲ್ ಇರೋ ಉಸಿರಾಟದ ಡಬ್ಬಿ ಕೊಡ್ತಾರೆ, ಅದನ್ನ ಊದೋದಲ್ಲ, ಒಳಕ್ಕೆ ಎಳೆಯೋದು. ನಮ್ಮಜ್ಜಿ ಜೀವನ ಪೂರ್ತಿ ಊದುಗೊಳವೇಲಿ ಒಲೆ ಊದಿದೋರು, ಎರಡು ದಿನ ಇದನ್ನೂ ಹಂಗೇ ಊದ್ತಿದ್ರು, ಒಂದು ಬಾಲೂ ಏಳ್ಲಿಲ್ಲ. ಆಮೇಲೆ ನಾನು ಬಿಸಿ ಕಾಫಿ ಸೊರ್ ಅಂತ ಎಳ್ಕೊಳಲ್ವಾ ಹಂಗೆ ಎಳ್ಕೊ ಅಜ್ಜಿ ಅಂದೆ. ಮೊದ್ಲು ಒಂದು ಬಾಲ್ ಎದ್ತು, ಡಿಸ್ಚಾರ್ಜ್ ದಿನಕ್ಕೆ ಎರಡು.