ಟ್ರ್ಯಾಕ್ ಕಾರಿಗೆ ಆಕ್ಸಿಜನ್ ಸೆನ್ಸರ್ ಬೇಕಾ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಈಗ ಅಮೆರಿಕದ ಅಟ್ಲಾಂಟಾದಲ್ಲಿದ್ದೇನೆ. 1997ರ ಮಜ್ದಾ ಮಿಯಾಟಾ ಒಂದನ್ನು ಬಿಚ್ಚಿ, ಅದರ 1.8 ಲೀಟರ್ ಎಂಜಿನ್, ಗೇರ್‌ಬಾಕ್ಸ್ ಎಲ್ಲ ಎಕ್ಸೋಸೆಟ್ ಅನ್ನುವ, ನಾವೇ ಜೋಡಿಸಿಕೊಳ್ಳುವ ಕಾರ್ ಕಿಟ್ಟಿನ ಚಾಸಿಗೆ ಕೂರಿಸುತ್ತಿದ್ದೇನೆ. ಇದು ರಸ್ತೆಗೆ ಇಳಿಯುವ ಕಾರಲ್ಲ, ನಂಬರ್ ಪ್ಲೇಟೂ ಇರಲ್ಲ. ಟ್ರೇಲರ್ ಮೇಲೆ ಹಾಕಿಕೊಂಡು ರೋಡ್ ಅಟ್ಲಾಂಟಾ ಟ್ರ್ಯಾಕಿಗೆ ಒಯ್ಯುವುದಷ್ಟೇ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಕುತ್ತಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಎರಡು ಆಕ್ಸಿಜನ್ ಸೆನ್ಸರ್‌ಗಳೂ ಹಳೆಯವು. ಹೊಗೆ ತಪಾಸಣೆಯೇ ಇಲ್ಲದ ಮೇಲೆ ಅವು ಯಾಕೆ, ಕಿತ್ತು ತೂತು ಮುಚ್ಚಿಬಿಡಲಾ? ಸದ್ಯಕ್ಕೆ ಕಂಪನಿಯ ಈಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇದೆ, ಮುಂದೆ ಬೇರೆ ಹಾಕುವ ಆಸೆ ಇದೆ.

ಉತ್ತರ: ಹಿಂದಿನದನ್ನು, ಅಂದರೆ ಕನ್ವರ್ಟರ್ ಇರುತ್ತಿದ್ದ ಜಾಗದ ಆಚೆಗಿನ ಸೆನ್ಸರನ್ನು ಕಿತ್ತುಹಾಕಿ. ಮುಂದಿನದು, ಅಂದರೆ ಎಂಜಿನ್ ಕಡೆಯದು ಇರಲೇಬೇಕು. ಅದೂ ಹಳೆಯದು ಅಂದಿದ್ದೀರಿ, ಹಾಗಾದರೆ ಹೊಸದು ಹಾಕಿ.

ಹೊಗೆ ತಪಾಸಣೆ ಇಲ್ಲದಿದ್ದರೆ ಸೆನ್ಸರ್ ಬೇಡ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಇದೆ. ಇದು ಹುಟ್ಟಿದ್ದೇ ಹೊಗೆ ಕಾನೂನಿನ ಒತ್ತಡಕ್ಕೆ. 1976ರಲ್ಲಿ ಬಾಷ್ ಕಂಪನಿಯ ಈ ಸೆನ್ಸರ್ ಮೊದಲು ಬಂದಿದ್ದು ಅಮೆರಿಕಕ್ಕೆ ಹೋಗುವ ವೋಲ್ವೋ ಕಾರುಗಳಲ್ಲಿ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಇದ್ದರೆ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆ ಅಳತೆ ಕಾಯುವುದಕ್ಕೆ ಇದು ಬೇಕಾಯಿತು. 1996ರಿಂದ ಅಲ್ಲಿ ಕಾರು ತನ್ನ ದೋಷ ತಾನೇ ಪತ್ತೆ ಮಾಡುವ ಓಬಿಡಿ-2 ವ್ಯವಸ್ಥೆ ಕಡ್ಡಾಯವಾದಾಗ ಕನ್ವರ್ಟರಿನ ಆಚೆಗೂ ಒಂದು ಸೇರಿತು. ಕನ್ವರ್ಟರ್ ಸರಿ ಇದೆಯಾ ಅಂತ ನೋಡುವುದೇ ಅದರ ಕೆಲಸ. ನಿಮ್ಮಲ್ಲಿ ಕನ್ವರ್ಟರೇ ಇಲ್ಲ. ಈ ಹಿಂದಿನ ಸೆನ್ಸರ್ ಹೋದರೆ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ, ಅಷ್ಟೇ.

ಮುಂದಿನದರ ಕಥೆ ಬೇರೆ. ಎಂಜಿನ್ ಬಿಸಿಯಾದ ಮೇಲೆ ಅದರ ವೋಲ್ಟೇಜ್ 0.1ಕ್ಕೂ 0.9ಕ್ಕೂ ನಡುವೆ ಏರಿಳಿಯುತ್ತಾ ಇರುತ್ತದೆ. ಕಡಿಮೆ ಅಂದರೆ ಗಾಳಿ ಜಾಸ್ತಿ, ಹೆಚ್ಚು ಅಂದರೆ ಪೆಟ್ರೋಲ್ ಜಾಸ್ತಿ. ಅದನ್ನು ನೋಡಿಕೊಂಡು ಈಸಿಯು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಸರಿ ಮಾಡುತ್ತದೆ. ಕಿತ್ತುಹಾಕಿದರೆ ಎಂಜಿನ್ ನಿಲ್ಲುವುದಿಲ್ಲ, ನಿಜ. ಆದರೆ ಈಸಿಯು ತನ್ನೊಳಗಿನ ಕೋಷ್ಟಕ ನೋಡಿ ಅಂದಾಜಿನಲ್ಲಿ ಪೆಟ್ರೋಲ್ ಸುರಿಯುತ್ತದೆ. ಆ ಕೋಷ್ಟಕ ಬರೆದದ್ದು ಕಂಪನಿಯ ಏರ್ ಫಿಲ್ಟರ್, ಕಂಪನಿಯ ಸೈಲೆನ್ಸರ್, ಹೊಸ ಎಂಜಿನ್ ಇಟ್ಟುಕೊಂಡು. ನಿಮ್ಮದರಲ್ಲಿ ಆ ಮೂರೂ ಬದಲಾಗಿರುತ್ತವೆ ಅಲ್ವಾ? ಪೆಟ್ರೋಲ್ ಜಾಸ್ತಿ ಹೋಗುತ್ತಾ ಇದ್ದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ಡಿಪ್‌ಸ್ಟಿಕ್ ಎಳೆದು ಮೂಸಿದರೆ ಪೆಟ್ರೋಲ್ ವಾಸನೆ ಹೊಡೆಯುತ್ತದೆ.

ಟ್ರ್ಯಾಕಿನಲ್ಲಿ ಯಾವಾಗಲೂ ಫುಲ್ ಥ್ರಾಟಲ್ (ಆಕ್ಸಲರೇಟರ್ ಪೂರ್ತಿ ಒತ್ತಿರುವುದು), ಆಗ ಕಂಪನಿಯ ಈಸಿಯು ಸೆನ್ಸರ್ ಮಾತು ಕೇಳುವುದೇ ಇಲ್ಲ ಅಂತ ಯಾರಾದರೂ ನಿಮಗೆ ಹೇಳಬಹುದು. ಫುಲ್ ಥ್ರಾಟಲ್ ಮಟ್ಟಿಗೆ ಅದು ಸರಿ. ಆದರೆ ರೋಡ್ ಅಟ್ಲಾಂಟಾದಲ್ಲಿ ಒಂದು ಸುತ್ತು ಅಂದರೆ ಸುಮಾರು 4.1 ಕಿಲೋಮೀಟರ್, 12 ತಿರುವು. ಅರ್ಧ ಥ್ರಾಟಲ್, ಕಾಲು ಥ್ರಾಟಲ್ ಎಷ್ಟೋ ಕಡೆ ಬರುತ್ತದೆ, ಸರದಿಗಾಗಿ ಸುಮ್ನೆ ಐಡಲ್‌ನಲ್ಲಿ ನಿಲ್ಲಿಸುವುದೂ ಇರುತ್ತದೆ.

ಫುಲ್ ಥ್ರಾಟಲ್‌ನಲ್ಲಿ ಏನಾಗುತ್ತಿದೆ ಅಂತ ತಿಳಿಯಬೇಕಾದರೆ ಕಂಪನಿಯ ಸೆನ್ಸರ್ ಸಾಲದು. ಅದು 14.7ರ ಆಚೆಯೋ ಈಚೆಯೋ ಅಂತ ಮಾತ್ರ ಹೇಳುತ್ತದೆ, ಎಷ್ಟು ಆಚೆ ಅಂತ ಹೇಳಲ್ಲ. ಏಳನೇ ತಿರುವು ದಾಟಿ ಹತ್ತನೆಯದರವರೆಗೆ ಉದ್ದ ನೇರ ದಾರಿ ಇದೆಯಲ್ಲ, ಅಲ್ಲಿ ಕಾಲು ಪೂರ್ತಿ ಒತ್ತಿರುತ್ತೀರಿ. ಆಗ ನಿಮ್ಮಂಥ ಟರ್ಬೋ ಇಲ್ಲದ ಎಂಜಿನ್‌ಗೆ ಒಂದು ಪಾಲು ಪೆಟ್ರೋಲಿಗೆ 12.5ರಿಂದ 13 ಪಾಲು ಗಾಳಿ ಬೇಕು. ಪಂಪ್ ಸೋತರೋ ಫಿಲ್ಟರ್ ಕಟ್ಟಿದರೋ ಅದು 14, 15ಕ್ಕೆ ಏರುತ್ತದೆ. ಶಬ್ದದಲ್ಲಿ ಗೊತ್ತಾಗುವುದಿಲ್ಲ, ಹೆಲ್ಮೆಟ್ ಒಳಗಂತೂ ಇಲ್ಲವೇ ಇಲ್ಲ. ಕೊನೆಗೆ ಪಿಸ್ಟನ್ ಸುಟ್ಟ ಮೇಲೆ ಗೊತ್ತಾಗುತ್ತದೆ. ಅದಕ್ಕೇ ಈ ಅಂಕಿಯನ್ನು ನೇರವಾಗಿ ಅಳೆದು ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಅನ್ನೋದು. ಬಾಷ್‌ನ ಎಲ್‌ಎಸ್‌ಯು 4.9 ಎಲ್ಲೆಡೆ ಸಿಗುತ್ತದೆ. ಅದನ್ನು ನಡೆಸುವ ಕೆಲವು ಕಂಟ್ರೋಲರ್‌ಗಳು ಹಳೆ ಸೆನ್ಸರಿನ ಹಾಗೆಯೇ ಸಿಗ್ನಲ್ ಕೊಡುತ್ತವೆ, ಅಂಥದ್ದು ಕೊಂಡರೆ ಈಗಿನ ಈಸಿಯುಗೂ ಆಯಿತು, ನಾಳೆ ಹಾಕುವುದಕ್ಕೂ ಆಯಿತು.

ಕೂರಿಸುವ ಜಾಗದಲ್ಲಿ ತಪ್ಪಬೇಡಿ. ನಾಲ್ಕು ಸಿಲಿಂಡರಿನ ಹೊಗೆ ಪೈಪೂ ಒಂದಾದ ಮೇಲೆ ಇರಲಿ. ಪೈಪಿನ ಮೇಲ್ಭಾಗದಲ್ಲಿ, ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿರಲಿ, ಇಲ್ಲದಿದ್ದರೆ ತಣ್ಣಗಿನ ಪೈಪಿನಲ್ಲಿ ಕೂಡುವ ನೀರು ಒಳಗೆ ಇಳಿದು ಸೆನ್ಸರಿನ ಸೆರಾಮಿಕ್ ಬಿರುಕು ಬಿಡುತ್ತದೆ.

ಲೀಕ್ ಬಗ್ಗೆ ಒಂದು ಮಾತು. ಒಮ್ಮೆ ಗೆಳೆಯರ ಶೆಡ್ಡಿನಲ್ಲಿ ಇಂಥದೇ ಎಂಜಿನ್ ಟ್ಯೂನ್ ಮಾಡುತ್ತಿದ್ದೆವು. ಮೀಟರ್ 16 ತೋರಿಸುತ್ತಿತ್ತು, ಅಂದರೆ ಪೆಟ್ರೋಲ್ ಸಾಲದು. ಹೆಚ್ಚಿಸಿದೆವು, ಮತ್ತೆ ಹೆಚ್ಚಿಸಿದೆವು. ಕಣ್ಣು ಉರಿಯುವಷ್ಟು ವಾಸನೆ, ಪ್ಲಗ್ ಬಿಚ್ಚಿದರೆ ಕಾಡಿಗೆಯಂಥ ಮಸಿ, ಮೀಟರ್ ಮಾತ್ರ ಕೆಳಗಿಳಿಯಲಿಲ್ಲ. ಕೊನೆಗೆ ನೋಡಿದರೆ ಎಂಜಿನ್‌ಗೂ ಹೊಗೆ ಪೈಪಿಗೂ ನಡುವಿನ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಮೂಲೆಯಲ್ಲಿ ಬೆರಳಿನ ಉಗುರಿನಷ್ಟು ಜಾಗ ಸುಟ್ಟಿತ್ತು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತಿತ್ತು, ಸೆನ್ಸರ್ ಆ ಗಾಳಿಯನ್ನು ಅಳೆಯುತ್ತಿತ್ತು. ನೀವು ಹೊಸ ಗ್ಯಾಸ್ಕೆಟ್ ಹಾಕಿ, ಎಂಜಿನ್ ಒಂದು ಸಲ ಬಿಸಿಯಾಗಿ ಆರಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿ ಮಾಡಿ. ಬಾಲದ ಪೈಪು ತೀರಾ ಗಿಡ್ಡ ಇದ್ದರೂ ಐಡಲ್‌ನಲ್ಲಿ ಇದೇ ಥರ ಸುಳ್ಳು ಅಂಕಿ ಬರುತ್ತದೆ, ಆಗ ಐಡಲ್ ಅಂಕಿಯನ್ನು ನಂಬಬೇಡಿ.

ಸೀಸ ಬೆರೆಸಿದ ರೇಸಿಂಗ್ ಪೆಟ್ರೋಲ್ ಹಾಕಿದರೆ ಸೆನ್ಸರ್ ಬೇಗ ಸಾಯುತ್ತದೆ. ಎಂಜಿನ್ ಜೋಡಿಸುವಾಗ ಬಳಸುವ ಸಿಲಿಕೋನ್ ಪೇಸ್ಟಿನಿಂದಲೂ ಹಾಳಾಗುತ್ತದೆ, ಟ್ಯೂಬಿನ ಮೇಲೆ ಸೆನ್ಸರಿಗೆ ತೊಂದರೆ ಇಲ್ಲ ಅಂತ ಬರೆದಿರುವುದನ್ನೇ ಕೊಳ್ಳಿ. ಮೊದಲ ದಿನ ನಾಲ್ಕೈದು ಸುತ್ತು ಹೊಡೆದು ಬಂದು, ಲಾಗ್ (ದಾಖಲಾದ ಅಂಕಿಗಳು) ತೆಗೆದು ಆ ನೇರ ದಾರಿಯ ಅಂಕಿ ನೋಡಿ, ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಅಂಕಿಯೂ ಪ್ಲಗ್ಗಿನ ಬಣ್ಣವೂ ಒಂದೇ ಮಾತು ಹೇಳಿದರೆ ಮುಂದಿನ ಸುತ್ತಿಗೆ ಹೊರಡಿ.