ಒಂದೇ ಮನೆ, ಎರಡು ಸಭೆ, ಮೂರನೆಯ ಬಸಿರಿನ ಭಯ

ಪ್ರಶ್ನೆ: ನನಗ 29 ವರ್ಷ. ಬೆಳಗಾವಿ ಕ್ಯಾಂಪಿನ ಕ್ಯಾಥೊಲಿಕ್ ಮನೆಯಾಕಿ. ಯಜಮಾನ್ರು ಮೆಥಡಿಸ್ಟ್ ಅನ್ನೂ ಪ್ರೊಟೆಸ್ಟೆಂಟ್ ಸಭೆಯವರು, ಅಂದ್ರ ಬ್ಯಾರೆ ಚರ್ಚಿನವರು, ಉದ್ಯಮಬಾಗದಾಗ ಶಿಫ್ಟ್ ಕೆಲಸ. ಇಬ್ಬರು ಮಕ್ಕಳು, ಎರಡೂ ಸಿಜೇರಿಯನ್. ದೊಡ್ಡಾಕಿಗೆ ನಾಕು ವರ್ಷ, ಸಣ್ಣಾವಗ ಎಂಟು ತಿಂಗಳು. ಅವ ಇನ್ನೂ ಹಾಲು ಕುಡೀತಾನ, ನನಗ ಮುಟ್ಟು ಬಂದಿಲ್ಲ. ‘ಕೂಸಿಗೆ ಎರಡು ವರ್ಷ ತುಂಬೂತನಕ ಬಸರಾಗಬ್ಯಾಡ. ಕಾಪರ್-ಟಿ ಹಾಕಿಸ್ಕೋ, ಇಲ್ಲಾ ಆಪರೇಷನ್ ಮಾಡಿಸ್ಕೋ’ ಅಂತ ಡಾಕ್ಟರಮ್ಮ ಹೇಳ್ಯಾರ. ಇವರು ‘ನಿರೋಧ್ ಬಳಸಿದ್ರ ನಮ್ಮ ಸಭೆಯೊಳಗ ಯಾರೂ ತಪ್ಪು ಅನ್ನಂಗಿಲ್ಲ’ ಅಂತಾರ. ಎರಡು ಸಲ ಬಳಸಿದ್ವಿ. ಅವತ್ತಿನಿಂದ ನಾ ಚರ್ಚಿನ ಪೂಜ್ಯಾಗ ಕೊಡೂ ಪರಮಪ್ರಸಾದ ತಗೊಂಡಿಲ್ಲ, ಫಾದರ್ ಮುಂದ ತಪ್ಪು ಒಪ್ಪಿಕೊಳ್ಳೂ ಪಾಪನಿವೇದನೆಗೂ ಹೋಗಿಲ್ಲ, ಮಕ್ಕಳ ಜೋಡಿ ಬ್ಯಾರೆ ಖೋಲ್ಯಾಗ ಮಲಗ್ತೀನಿ. ಅವರು ಮಾತು ಬಿಟ್ಟಾರ. ನಮ್ಮವ್ವ ‘ದೇವರು ಕೊಟ್ಟಷ್ಟು ಹಡೀಬೇಕು’ ಅಂತಾಳ. ಅತ್ತಿ ಆಪರೇಷನ್ ಮಾಡಿಸ್ಕೋ ಅಂತ ಬೆನ್ನು ಹತ್ಯಾರ. ನೈಸರ್ಗಿಕ ವಿಧಾನ ನಂಬಬಹುದೇನು? ನಾ ಏನು ಮಾಡ್ಲಿ?

ಉತ್ತರ: ತಂಗೀ, ತಡಮಾಡಬಾರದ ಮಾತನ್ನು ಮೊದಲು ಹೇಳುತ್ತೇನೆ. ‘ಹಾಲು ಕುಡಿಸುತ್ತಿದ್ದೇನೆ, ಮುಟ್ಟು ಬಂದಿಲ್ಲ, ಹಾಗಾಗಿ ಬಸಿರಾಗುವುದಿಲ್ಲ’ ಎಂಬ ಧೈರ್ಯ ನಿಮಗಿದ್ದರೆ ಇವತ್ತೇ ಬಿಟ್ಟುಬಿಡಿ. ಎದೆಹಾಲಿನ ರಕ್ಷಣೆ ಗಟ್ಟಿಯಾಗಿರಬೇಕಾದರೆ ಮೂರು ಷರತ್ತು ಒಟ್ಟಿಗೇ ಇರಬೇಕು: ಮುಟ್ಟು ಮರಳಿರಬಾರದು, ಕೂಸಿಗೆ ಎದೆಹಾಲಲ್ಲದೆ ಬೇರೇನೂ ಇರಬಾರದು ಅಥವಾ ತೀರಾ ಕಡಿಮೆ ಇರಬೇಕು, ಕೂಸಿಗೆ ಆರು ತಿಂಗಳು ತುಂಬಿರಬಾರದು. ಮೂರೂ ಇದ್ದಾಗ 100 ಹೆಂಗಸರಲ್ಲಿ ಬಸಿರಾಗುವವರು ಇಬ್ಬರೊಳಗೇ. ಒಂದು ಷರತ್ತು ತಪ್ಪಿದರೂ ಆ ಲೆಕ್ಕ ನಡೆಯದು. ನಿಮ್ಮ ಮಗನಿಗೆ ಎಂಟು ತಿಂಗಳು, ಗಂಜಿ, ರಾಗಿ ಅಂಬಲಿ ಶುರುವಾಗಿರಲೇಬೇಕು. ಹೆರಿಗೆಯಾದ ಮೇಲೆ ಮೊದಲ ಅಂಡ ಮೊದಲ ಮುಟ್ಟಿಗಿಂತ ಮುಂಚೆಯೇ ಬಿಡುಗಡೆಯಾಗಬಹುದು. ಆದ್ದರಿಂದ ಮುಟ್ಟು ಕಾಣದೆಯೇ ಬಸಿರು ನಿಲ್ಲುವುದು ಅಪರೂಪವೇನಲ್ಲ. ಈಚೆಗೆ ಎಂದಾದರೂ ಏನೂ ಬಳಸದೆ ಕೂಡಿದ್ದರೆ, ಮೂರು ವಾರ ಕಳೆದ ಮೇಲೆ ಮೂತ್ರದ ಪರೀಕ್ಷೆ ಮಾಡಿಕೊಳ್ಳಿ. ಮುಂದಿನ ಯಾವ ತೀರ್ಮಾನವಾದರೂ ಅದರ ಮೇಲೆಯೇ.

ಡಾಕ್ಟರಮ್ಮನ ಮಾತು ಬರೀ ಹೆದರಿಕೆಯದಲ್ಲ. ಹೆರಿಗೆಗೂ ಮುಂದಿನ ಬಸಿರಿಗೂ ನಡುವೆ ಕನಿಷ್ಠ 24 ತಿಂಗಳು ಇರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಜೇರಿಯನ್ ಆದವರಿಗೆ ಇದು ಇನ್ನೂ ಮುಖ್ಯ. ಗರ್ಭಕೋಶದ ಹೊಲಿಗೆ ಬಲಿಯುವ ಮೊದಲೇ ಬಸಿರಾದರೆ ಅದು ಬಿಚ್ಚಿಕೊಳ್ಳುವ ಅಪಾಯ ಹೆಚ್ಚು. ಸಿಜೇರಿಯನ್‌ಗಳ ಸಂಖ್ಯೆ ಏರಿದಂತೆ ಮಾಸು ಹಳೆಯ ಗಾಯದೊಳಗೆ ಬೇರೂರಿ, ಹೆರಿಗೆಯಲ್ಲಿ ರಕ್ತ ನಿಲ್ಲದೆ ಹರಿಯುವ ಅಪಾಯವೂ ಏರುತ್ತದೆ. ಆದರೆ ಲೆಕ್ಕ ನೋಡಿ: ನಿಮ್ಮ ಮುಂದಿರುವುದು 16 ತಿಂಗಳ ಪ್ರಶ್ನೆ. ಅತ್ತೆಯವರು ಅದಕ್ಕೆ ಜೀವಮಾನದ ಉತ್ತರ ಕೊಡುತ್ತಿದ್ದಾರೆ. ಅವೆರಡನ್ನೂ ಬೇರೆ ಮಾಡಿದರೆ ನಿಮ್ಮ ಎದೆಯ ಅರ್ಧ ಭಾರ ಇಳಿಯುತ್ತದೆ.

ನಿಮ್ಮವ್ವನ ಮಾತಿಗೆ ಬರುತ್ತೇನೆ. ಅವರ ಭಕ್ತಿ ದೊಡ್ಡದು, ಆದರೆ ‘ದೇವರು ಕೊಟ್ಟಷ್ಟು’ ಎನ್ನುವುದು ನಿಮ್ಮ ಧರ್ಮಸಭೆಯ ಬೋಧನೆಯಲ್ಲ. 1965ರಲ್ಲಿ ಜಗತ್ತಿನ ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ, ಎಷ್ಟು ಮಕ್ಕಳು ಎನ್ನುವುದನ್ನು ದೇವರ ಮುಂದೆ ನಿಂತು ಗಂಡ ಹೆಂಡತಿಯೇ ತೀರ್ಮಾನಿಸಬೇಕು ಎಂದಿತು. ಗರ್ಭನಿರೋಧಕಗಳನ್ನು ಒಪ್ಪದ 1968ರ ಆರನೇ ಪೌಲ್ ಪೋಪರ ವಿಶ್ವಪತ್ರ (ಇಡೀ ಧರ್ಮಸಭೆಗೆ ಬರೆದ ಬೋಧನಾ ಪತ್ರ) ‘ಹ್ಯೂಮನೇ ವೀಟೆ’ ಕೂಡ, ದೇಹದ, ಮನಸ್ಸಿನ ಅಥವಾ ಸಂಸಾರದ ಗಂಭೀರ ಕಾರಣವಿದ್ದರೆ ಮಕ್ಕಳ ನಡುವೆ ಅಂತರ ಇಡಬಹುದು, ಬಸಿರಾಗದ ದಿನಗಳಲ್ಲಿ ಕೂಡಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. 2015ರ ಜನವರಿಯಲ್ಲಿ ಮನಿಲಾದಿಂದ ಮರಳುವಾಗ ವಿಮಾನದಲ್ಲಿ ಪೋಪ್ ಫ್ರಾನ್ಸಿಸ್, ಏಳು ಸಿಜೇರಿಯನ್ ಆದ ಮೇಲೆ ಎಂಟನೆಯ ಬಸಿರಾಗಿದ್ದ ಒಬ್ಬ ತಾಯಿಯ ವಿಷಯ ಎತ್ತಿ, ಇದು ದೇವರನ್ನು ಪರೀಕ್ಷಿಸಿದಂತೆ, ಏಳು ಮಕ್ಕಳನ್ನು ತಬ್ಬಲಿ ಮಾಡುವುದೇ ಎಂದು ಕೇಳಿದ್ದರು. ಇದನ್ನು ಅವ್ವನಿಗೆ ಸಮಾಧಾನದಿಂದ ಹೇಳಿ. ಜಗಳಕ್ಕೆಂದು ಹೇಳಬೇಡಿ, ಅವರಿಗೆ ಇದು ತಿಳಿದಿರಲಿಕ್ಕಿಲ್ಲ.

ಹಾಗಾದರೆ ಭಿನ್ನಾಭಿಪ್ರಾಯ ಎಲ್ಲಿದೆ? ಅಂತರ ಇಡಬೇಕೇ ಎಂಬಲ್ಲಿ ಅಲ್ಲ, ಹೇಗೆ ಇಡಬೇಕು ಎಂಬಲ್ಲಿ. ಕೂಟಕ್ಕೂ ಸಂತಾನಕ್ಕೂ ಇರುವ ನಂಟನ್ನು ಮನುಷ್ಯ ತಾನಾಗಿ ಕಡಿಯಬಾರದು ಎನ್ನುವುದು ಕ್ಯಾಥೊಲಿಕ್ ವಾದ. ಹಾಗಾಗಿ ನಿರೋಧ್, ಮಾತ್ರೆ, ಕಾಪರ್-ಟಿ, ಆಪರೇಷನ್ ಯಾವುದಕ್ಕೂ ಅಲ್ಲಿ ಒಪ್ಪಿಗೆಯಿಲ್ಲ. ಕಾಯಿಲೆಗಾಗಿ ಕೊಡುವ ಔಷಧಿ ಬೇರೆ: ಅದರಿಂದ ಬಸಿರಾಗದಿದ್ದರೂ ದೋಷವಿಲ್ಲ ಎಂದು ಅದೇ ವಿಶ್ವಪತ್ರದಲ್ಲಿದೆ, ವಿಪರೀತ ರಕ್ತಸ್ರಾವಕ್ಕೆಂದು ಕೊಡುವ ಹಾರ್ಮೋನ್ ಮಾತ್ರೆ ಇದಕ್ಕೆ ಉದಾಹರಣೆ. ನಿಮ್ಮ ಯಜಮಾನರ ಮಾತಿಗೂ ಬುಡವಿದೆ. 1930ರವರೆಗೆ ದೊಡ್ಡ ಸಭೆಗಳೆಲ್ಲ ಗರ್ಭನಿರೋಧಕದ ವಿರುದ್ಧವೇ ಇದ್ದವು. ಆ ವರ್ಷ ಆಂಗ್ಲಿಕನ್ ಬಿಷಪರ ಲ್ಯಾಂಬೆತ್ ಸಮ್ಮೇಳನ 193ಕ್ಕೆ 67 ಮತಗಳಿಂದ, ಬಿಗಿ ಷರತ್ತುಗಳೊಂದಿಗೆ, ಬಾಗಿಲು ತೆರೆಯಿತು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಡಿಸೆಂಬರ್ 31ರಂದು, ಹನ್ನೊಂದನೇ ಪಿಯುಸ್ ಪೋಪರು ಆ ಬಾಗಿಲು ಕ್ಯಾಥೊಲಿಕರಿಗೆ ಮುಚ್ಚಿದ್ದೇ ಎಂದು ಬರೆದರು. ಮೆಥಡಿಸ್ಟ್ ಸಭೆಗಳೂ ಸೇರಿದಂತೆ ಬಹುಪಾಲು ಪ್ರೊಟೆಸ್ಟೆಂಟ್ ಸಭೆಗಳು ಆಮೇಲೆ ಇದನ್ನು ದಂಪತಿಯ ಆತ್ಮಸಾಕ್ಷಿಗೆ ಬಿಟ್ಟವು. ಅಂದರೆ ನಿಮ್ಮ ಯಜಮಾನರು ಸ್ವಾರ್ಥದಿಂದ ಹಾಗೆ ಹೇಳುತ್ತಿಲ್ಲ. ನೀವೂ ಹಟಕ್ಕೆ ಬಿದ್ದಿಲ್ಲ. ಇಬ್ಬರೂ ಅವರವರ ಸಭೆ ಕಲಿಸಿದ್ದನ್ನೇ ಹೇಳುತ್ತಿದ್ದೀರಿ.

ಪಾಪನಿವೇದನೆಗೆ ಹೋಗದೆ ಇರುವುದು ಮಾತ್ರ ನನ್ನ ಮಟ್ಟಿಗೆ ನಿಮ್ಮ ಪತ್ರದ ಅತಿ ನೋವಿನ ಭಾಗ. ಇಂಥ ಹೊತ್ತಿಗೆಂದೇ ಇರುವ ಬಾಗಿಲಿನಿಂದ ನೀವು ದೂರ ನಿಂತಿದ್ದೀರಿ. ಈ ವಿಷಯದಲ್ಲಿ ಎಡವಿದ ದಂಪತಿ ಎದೆಗುಂದದೆ ಪಾಪನಿವೇದನೆಗೆ ಬರಲಿ ಎಂದು ‘ಹ್ಯೂಮನೇ ವೀಟೆ’ಯಲ್ಲೇ ಇದೆ. ಪಾಪನಿವೇದನೆ ಕೇಳುವ ಗುರುಗಳಿಗಾಗಿ ವ್ಯಾಟಿಕನ್ 1997ರಲ್ಲಿ ಕೊಟ್ಟ ಕೈಪಿಡಿ ಇನ್ನೂ ಮುಂದೆ ಹೋಗುತ್ತದೆ. ಪಶ್ಚಾತ್ತಾಪವೂ ಮತ್ತೆ ಬೀಳಬಾರದೆಂಬ ಸಂಕಲ್ಪವೂ ಇರುವವರಿಗೆ, ಮತ್ತೆ ಮತ್ತೆ ಅದೇ ತಪ್ಪು ಆಯಿತೆಂಬ ಒಂದೇ ಕಾರಣಕ್ಕೆ ಕ್ಷಮೆ ನಿರಾಕರಿಸಬಾರದು ಎನ್ನುತ್ತದೆ. ದಂಪತಿಯಲ್ಲಿ ಒಬ್ಬರು ಮಾತ್ರ ಗರ್ಭನಿರೋಧಕ ಬಳಸಲು ಪಟ್ಟು ಹಿಡಿದಾಗ ಇನ್ನೊಬ್ಬರ ಪಾಡೇನು ಎಂಬ ಪ್ರಶ್ನೆಯನ್ನೂ ಅದು ಎತ್ತಿಕೊಂಡು ಮೂರು ಷರತ್ತು ಹೇಳುತ್ತದೆ: ಸಹಕರಿಸುವವರ ಕ್ರಿಯೆ ತನ್ನಷ್ಟಕ್ಕೆ ಕೆಟ್ಟದ್ದಾಗಿರಬಾರದು, ಸಹಕರಿಸಲು ಗಂಭೀರ ಕಾರಣವಿರಬೇಕು, ಸಂಗಾತಿಯ ಮನಸ್ಸನ್ನು ತಾಳ್ಮೆಯಿಂದ, ಪ್ರೀತಿಯಿಂದ, ಪ್ರಾರ್ಥನೆಯಿಂದ ತಿರುಗಿಸುವ ಪ್ರಯತ್ನ ನಡೆದಿರಬೇಕು. ನಿರೋಧ್ ವಿಷಯದಲ್ಲಿ ಇದು ಎಷ್ಟು ಅನ್ವಯಿಸುತ್ತದೆ ಎಂಬುದರ ಬಗ್ಗೆ ಗುರುಗಳಲ್ಲೇ ಒಂದೇ ಅಭಿಪ್ರಾಯವಿಲ್ಲ, ಹಾಗಾಗಿ ಅದನ್ನು ನಿಮ್ಮ ಫಾದರ್ ಬಾಯಿಂದಲೇ ಕೇಳಬೇಕು. ಗುರುತಿನ ಫಾದರ್ ಮುಂದೆ ನಾಚಿಕೆಯಾದರೆ ಬೇರೆ ಧರ್ಮಕೇಂದ್ರಕ್ಕೆ ಹೋಗಿ. ಹೇಳಬೇಕಾದ್ದು ಇಷ್ಟೇ: ಎರಡು ಸಿಜೇರಿಯನ್, ಡಾಕ್ಟರ್ ಸೂಚನೆ, ಗಂಡ ಬೇರೆ ಸಭೆಯವರು, ಎರಡು ಸಲ ನಿರೋಧ್ ಬಳಸಿದ್ದು.

ಬೇರೆ ಖೋಲಿಯಲ್ಲಿ ಮಲಗುವುದರ ಬಗ್ಗೆ ಇಬ್ಬರ ಬೈಬಲ್ಲಿನಲ್ಲೂ ಒಂದೇ ಮಾತಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಪೌಲರು, ದಂಪತಿ ಒಬ್ಬರನ್ನೊಬ್ಬರು ಅಗಲಿರುವುದಾದರೆ ಇಬ್ಬರ ಒಪ್ಪಿಗೆಯಿಂದ, ಪ್ರಾರ್ಥನೆಗಾಗಿ, ಸ್ವಲ್ಪ ಕಾಲ ಮಾತ್ರ ಎನ್ನುತ್ತಾರೆ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಎಷ್ಟು ಹಕ್ಕೋ ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಎಂದೂ ಅಲ್ಲೇ ಇದೆ, ಆದ್ದರಿಂದ ಇದು ಹೆಂಗಸರನ್ನು ಗದರಿಸಲು ಬಳಸುವ ವಾಕ್ಯವಲ್ಲ. ಬೇಡ ಎನ್ನುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೆ ಕಾರಣ ಹೇಳದೆ ಹಾಸಿಗೆ ಬದಲಿಸಿದ್ದನ್ನು ಅವರು ತಿರಸ್ಕಾರವೆಂದೇ ತಿಳಿದಿರುತ್ತಾರೆ.

ಇನ್ನು ನೈಸರ್ಗಿಕ ವಿಧಾನ, ಅಂದರೆ ಬಸಿರಾಗುವ ದಿನಗಳನ್ನು ಗುರುತಿಸಿ ಆ ದಿನ ಕೂಡದಿರುವುದು. ನಂಬಬಹುದು, ಆದರೆ ನಿಮ್ಮ ಈಗಿನ ಸ್ಥಿತಿಯಲ್ಲಿ ಅದು ಎಲ್ಲಕ್ಕಿಂತ ಕಷ್ಟ. ಕ್ಯಾಲೆಂಡರ್ ಎಣಿಸುವುದು, ಮುಟ್ಟಿನ ಚಕ್ರದ 8ರಿಂದ 19ನೇ ದಿನ ಬಿಡುವುದು, ಬಣ್ಣದ ಮಣಿಗಳ ಮಾಲೆ, ಮೊಬೈಲ್ ಆ್ಯಪ್ ಎಲ್ಲವನ್ನೂ ಸದ್ಯ ಬದಿಗಿಡಿ. ಮುಟ್ಟು ಮರಳಿ, ಕನಿಷ್ಠ ಮೂರು ಚಕ್ರ ಕಳೆದು, 26ರಿಂದ 32 ದಿನದೊಳಗೆ ನಿಯಮಿತವಾಗಿ ಬರತೊಡಗಿದ ಮೇಲಷ್ಟೇ ಅವುಗಳ ಲೆಕ್ಕ ಹೊಂದುತ್ತದೆ. ಬೆಳಗಿನ ಮೈತಾಪ ನೋಡುವ ಕ್ರಮದಲ್ಲಿ ಅಂಡ ಬಿಟ್ಟ ಮೇಲೆ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುವುದನ್ನು ಹಿಡಿಯಬೇಕು. ರಾತ್ರಿ ಮೂರು ಸಲ ಎದ್ದು ಹಾಲು ಕುಡಿಸುವವರಿಗೆ ಆ ಅಂಕಿ ಕೆಡುತ್ತದೆ. ಉಳಿಯುವುದು ಯೋನಿಯಿಂದ ಬರುವ ಲೋಳೆ ನೋಡುವ ಬಿಲ್ಲಿಂಗ್ಸ್ ವಿಧಾನ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ರೂಪಿಸಿದ್ದು.

ಹೀಗೆ ಮಾಡಿ. ಮೊದಲ ಎರಡು ವಾರ ಕೂಟ ಬೇಡ, ಬರೀ ಗಮನಿಸಿ. ಪ್ರತಿ ಸಲ ಬಚ್ಚಲಿಗೆ ಹೋದಾಗ, ತೊಳೆಯುವ ಮುಂಚೆ, ಬಿಳಿ ಟಿಶ್ಯೂ ಅಥವಾ ಸ್ವಚ್ಛ ಬಿಳಿ ಬಟ್ಟೆಯಿಂದ ಹೊರಭಾಗ ಒರೆಸಿ ನೋಡಿ. ಒಳಗೆ ಬೆರಳು ಹಾಕಬೇಡಿ, ಒಳಗೆ ಯಾವಾಗಲೂ ತೇವ ಇರುವುದರಿಂದ ಗೊಂದಲವಾಗುತ್ತದೆ. ದಿನವಿಡೀ ಆ ಜಾಗ ಒಣಗಿತ್ತೇ, ಒದ್ದೆಯೆನಿಸಿತೇ, ಜಾರುವಂತಿತ್ತೇ ಎಂಬುದು ಕಣ್ಣಿಗೆ ಕಂಡದ್ದಕ್ಕಿಂತ ಮುಖ್ಯ. ಮಲಗುವಾಗ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಒಣ ದಿನಕ್ಕೆ ಹಸಿರು, ರಕ್ತ ಕಂಡರೆ ಕೆಂಪು, ಲೋಳೆ ಕಂಡರೆ ಖಾಲಿ ಸುತ್ತು. ಮೊಟ್ಟೆಯ ಬಿಳಿಯಂತೆ ಎಳೆದರೆ ಎಳೆಯಾಗುವ, ಜಾರುವ ಲೋಳೆ ಬಂತೆಂದರೆ ಅಂಡ ಬರುವ ಸೂಚನೆ. ಅಂಡ ಬದುಕುವುದು 12ರಿಂದ 24 ಗಂಟೆ, ಆದರೆ ವೀರ್ಯಾಣು ಈ ಲೋಳೆಯಲ್ಲಿ ಐದು ದಿನದವರೆಗೂ ಬದುಕಿ ಕಾಯುತ್ತದೆ. ಈ ವಿಧಾನ ಸೋಲುವುದು ಹೆಚ್ಚಾಗಿ ಇಲ್ಲಿಯೇ, ‘ಇನ್ನೂ ಸ್ವಲ್ಪವೇ ಒದ್ದೆ, ಪರವಾಗಿಲ್ಲ’ ಎಂದುಕೊಂಡ ದಿನ.

ಎರಡು ವಾರದ ನಂತರ ನಿಯಮ ಹೀಗೆ: ಒಣ ದಿನಗಳಲ್ಲಿ ಸಂಜೆಯ ಮೇಲೆ ಮಾತ್ರ, ಅದೂ ದಿನ ಬಿಟ್ಟು ದಿನ. ಸಂಜೆ ಏಕೆಂದರೆ ಆ ದಿನದ ಲೋಳೆ ನೋಡಿ ಮುಗಿದಿರಬೇಕು. ದಿನ ಬಿಡುವುದು ಏಕೆಂದರೆ ಮಾರನೆಯ ದಿನ ವೀರ್ಯದ ಒದ್ದೆಯನ್ನೇ ಲೋಳೆ ಎಂದುಕೊಳ್ಳುವ ಅಥವಾ ಲೋಳೆಯನ್ನು ವೀರ್ಯ ಎಂದುಕೊಳ್ಳುವ ತಪ್ಪು ಆಗುತ್ತದೆ. ಲೋಳೆಯಾಗಲಿ ಒಂದು ಹನಿ ರಕ್ತವಾಗಲಿ ಕಂಡರೆ ನಿಲ್ಲಿಸಿ, ಅದು ನಿಂತ ಮೇಲೆ ಪೂರ್ತಿ ಮೂರು ಒಣ ದಿನ ಬಿಟ್ಟು, ನಾಲ್ಕನೇ ದಿನದ ಸಂಜೆಯಿಂದ. ಯಜಮಾನರಿಗೆ ರಾತ್ರಿ ಪಾಳಿ ಇದ್ದ ವಾರ ಸಂಜೆ ಸಮಯ ಸಿಗಲಿಕ್ಕಿಲ್ಲ. ಆಗ ಬೆಳಗಿನ ಹೊತ್ತಿಗೆ ಬದಲಾಯಿಸಬೇಡಿ, ಆ ವಾರ ಬಿಟ್ಟುಬಿಡಿ. ಮಗ ಹಾಲು ಕಡಿಮೆ ಮಾಡಿದಾಗ, ರಾತ್ರಿ ಪೂರ್ತಿ ನಿದ್ದೆ ಮಾಡಲು ಕಲಿತಾಗ ಗುರುತುಗಳು ದಿಢೀರನೆ ಬದಲಾಗುತ್ತವೆ, ಆಗ ಇನ್ನಷ್ಟು ಎಚ್ಚರ. ಮೊಸರಿನ ಗಡ್ಡೆಯಂಥ ಬಿಳುಪು, ತುರಿಕೆ, ವಾಸನೆ ಇದ್ದರೆ ಅದು ಸೋಂಕು. ಚಿಕಿತ್ಸೆ ಮುಗಿಯುವವರೆಗೆ ಈ ಲೆಕ್ಕ ನಡೆಯದು.

ಅಂಕಿ ಮುಚ್ಚಿಡುವುದಿಲ್ಲ. ಇಂಥ ದಿನ ನೋಡುವ ವಿಧಾನಗಳನ್ನು ಜನ ನಿತ್ಯ ಜೀವನದಲ್ಲಿ ಬಳಸಿದಾಗ, ಅಮೆರಿಕದ ಲೆಕ್ಕದಂತೆ, ವರ್ಷಕ್ಕೆ 100ರಲ್ಲಿ 23ರವರೆಗೂ ಬಸಿರಾದದ್ದುಂಟು. ಲೋಳೆ ವಿಧಾನವನ್ನು ಒಂದೂ ತಪ್ಪಿಲ್ಲದೆ ಪಾಲಿಸಿದರೆ 3ರ ಆಸುಪಾಸು. ನಿರೋಧ್‌ಗೆ ಇದೇ ಲೆಕ್ಕ 13 ಮತ್ತು 2. ಕಾಪರ್-ಟಿಗೆ ಒಂದಕ್ಕಿಂತ ಕಡಿಮೆ. ಮಿಕ್ಕ ದಿನ ನೈಸರ್ಗಿಕ, ಅಪಾಯದ ದಿನ ಮಾತ್ರ ನಿರೋಧ್ ಎಂಬ ಮಧ್ಯದ ದಾರಿ ಹಿಡಿಯುವವರು ನೆನಪಿಡಬೇಕು: ನಿರೋಧ್ ಹರಿದರೆ ಹರಿಯುವುದು ಬಸಿರಾಗುವ ದಿನದಲ್ಲೇ.

ಆದ್ದರಿಂದ ನನ್ನ ಸಲಹೆ ಇದು. ಈ ವಿಧಾನವನ್ನು ಒಬ್ಬರೇ ಓದಿ ಕಲಿಯಬೇಡಿ. ಫಾತಿಮಾ ಕ್ಯಾಥೆಡ್ರಲ್ಲಿನಲ್ಲಿ ಅಥವಾ ಧರ್ಮಪ್ರಾಂತ್ಯದ ಕಚೇರಿಯಲ್ಲಿ ನೈಸರ್ಗಿಕ ಕುಟುಂಬ ಯೋಜನೆ ಕಲಿಸುವವರು ಯಾರೆಂದು ಕೇಳಿ, ಮೂರು ತಿಂಗಳ ಗುರುತುಗಳನ್ನು ಅವರಿಗೆ ತೋರಿಸಿ. ಯಜಮಾನರು ಜೊತೆಗಿರಲೇಬೇಕು. ಅವರ ಒಪ್ಪಿಗೆಯಿಲ್ಲದೆ ಈ ವಿಧಾನ ಒಂದು ತಿಂಗಳೂ ನಡೆಯದು, ಏಕೆಂದರೆ ಮಾಡಬೇಕಾದ ಕೆಲಸದ ಅರ್ಧ ಭಾಗ ಅವರ ತಾಳ್ಮೆಯೇ. ಅವರು ಒಪ್ಪದಿದ್ದರೆ, ಅಥವಾ ನಿಮ್ಮ ಹೊಲಿಗೆ ತೆಳುವಾಗಿದೆ, ಇನ್ನೊಂದು ಬಸಿರು ಜೀವಕ್ಕೇ ಕುತ್ತು ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದರೆ, ಬೇರೆ ವಿಧಾನಗಳನ್ನೂ ತಿಳಿದಿರುವುದು ಒಳ್ಳೆಯದು. ಆಗ ತೂಗಿ ನೋಡಿ ನಿರ್ಧರಿಸುವವರು ನೀವು, ಫಾದರ್ ಜೊತೆ ಮಾತಾಡಿದ ಮೇಲೆ.

ಸರಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ. ‘ಛಾಯಾ’ ಹಾರ್ಮೋನ್ ಅಲ್ಲದ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹಾಲು ಕುಡಿಸುವವರಿಗೂ ಕೊಡುತ್ತಾರೆ. ‘ಅಂತರಾ’ ಮೂರು ತಿಂಗಳಿಗೊಂದು ಇಂಜೆಕ್ಷನ್. ಕಾಪರ್-ಟಿಯಲ್ಲಿ ಐದು ವರ್ಷದ್ದೂ ಹತ್ತು ವರ್ಷದ್ದೂ ಇದೆ, ಬೇಕಾದಾಗ ತೆಗೆಸಬಹುದು. ಹಾಲು ಕುಡಿಸುವವರಿಗೆ ಹಾಕುವಾಗ ಗರ್ಭಕೋಶಕ್ಕೆ ಪೆಟ್ಟಾಗುವ ಅಪಾಯ ತುಸು ಹೆಚ್ಚು, ಹಾಗಾಗಿ ಪಳಗಿದ ಕೈಯಿಂದ ಹಾಕಿಸಬೇಕು. ಅದು ಮುಖ್ಯವಾಗಿ ವೀರ್ಯಾಣುವನ್ನೇ ನಿಷ್ಕ್ರಿಯ ಮಾಡುತ್ತದೆ. ಆದರೂ ಫಲಿತ ಅಂಡಕ್ಕೂ ತಡೆಯಾಗಬಹುದು ಎಂಬ ಕಾರಣಕ್ಕೆ ಕ್ಯಾಥೊಲಿಕ್ ಗುರುಗಳು ಇದನ್ನು ನಿರೋಧ್‌ಗಿಂತ ಗಂಭೀರವಾಗಿ ಎಣಿಸುತ್ತಾರೆ.

ಆಪರೇಷನ್ ಮಾತ್ರ ಈಗ ಬೇಡ. ಮನಸ್ಸು ಇಬ್ಬಗೆಯಾಗಿರುವಾಗ ಮರಳಿ ಬರಲಾಗದ ದಾರಿ ಹಿಡಿಯಬಾರದು, ಅತ್ತೆಯ ಒತ್ತಾಯಕ್ಕಂತೂ ಖಂಡಿತ ಬೇಡ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ನೀವೊಬ್ಬರೇ, ಗಂಡನ ಸಹಿಯೂ ಬೇಕಿಲ್ಲ. ಅತ್ತೆಗೆ ‘ಡಾಕ್ಟರ್ ಹೇಳಿದ್ದು ಕೂಸಿಗೆ ಎರಡು ತುಂಬೂತನಕ ಮಾತ್ರ, ಆಮ್ಯಾಲೆ ನೋಡೋಣು’ ಎಂದಷ್ಟೇ ಹೇಳಿ.

ಯಜಮಾನರ ಜೊತೆ ಮಾತಾಡುವ ದಿನ, ಅವರು ಪಾಳಿ ಮುಗಿಸಿ ದಣಿದು ಬಂದ ಹೊತ್ತು ಬೇಡ. ರಜೆಯ ದಿನ, ಮಕ್ಕಳು ಮಲಗಿದ ಮೇಲೆ. ನಿಮ್ಮ ಸಭೆ ಸರಿಯೋ ಅವರ ಸಭೆ ಸರಿಯೋ ಎಂದು ಆರಂಭಿಸಬೇಡಿ. ‘ನಿಮ್ಮ ಮ್ಯಾಲೆ ಸಿಟ್ಟಿಲ್ಲ, ಪರಮಪ್ರಸಾದ ಬಿಟ್ಟಿದ್ದು ನನ್ನ ಒಳಗ ಕೊರೀತದ, ಅದಕ್ಕ ದೂರ ಮಲಗೇನಿ’ ಎನ್ನಿ. ಆಮೇಲೆ ಮೂರು ತಿಂಗಳು ಲೋಳೆ ವಿಧಾನ ಜೊತೆಯಾಗಿ ಕಲಿಯೋಣವೇ ಎಂದು ಕೇಳಿ. ಕ್ಯಾಲೆಂಡರಿನ ಗುರುತನ್ನು ಅವರೇ ಹಾಕಲಿ. ಅವರು ತಮ್ಮ ಪಾಸ್ಟರ್ ಜೊತೆ, ನೀವು ಫಾದರ್ ಜೊತೆ ಮಾತಾಡಿ ಬಂದು ಇಬ್ಬರೂ ಕೇಳಿದ್ದನ್ನು ಹಂಚಿಕೊಳ್ಳಿ. ಡಾಕ್ಟರಮ್ಮನ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ ಈ ಮೂರನ್ನು ಕೇಳಿ: ನನ್ನ ಹೊಲಿಗೆಯ ಸ್ಥಿತಿ ಹೇಗಿದೆ, ಮೂರನೆಯ ಸಿಜೇರಿಯನ್ ನನಗೆ ಎಷ್ಟು ಅಪಾಯ, ನೈಸರ್ಗಿಕ ವಿಧಾನ ತಪ್ಪಿ ಬಸಿರಾದರೆ ಎಷ್ಟು ಬೇಗ ಬಂದು ತೋರಿಸಬೇಕು.