ದುಬೈ ಗಿರಾಕಿಗೆ ಮಂಡ್ಯದ ಬೆಲ್ಲ ತೋರಿಸೋಕೆ ಯಾವ ಆ್ಯಪ್?

ಪ್ರಶ್ನೆ: ಮದ್ದೂರು ಹತ್ತಿರ ನಮ್ಮದೊಂದು ಆಲೆಮನೆ ಇದೆ. ರಾಸಾಯನಿಕ ಹಾಕದೆ ಬೆಲ್ಲ ಮಾಡ್ತೀವಿ. ಮಂಡ್ಯದಲ್ಲಿ ಸಣ್ಣ ಆಫೀಸು, ಒಟ್ಟು ಆರು ಜನ. ಬೆಂಗಳೂರಿನ ಅಂಗಡಿಯವರ ಜೊತೆ ವಾಟ್ಸ್‌ಆ್ಯಪ್ ವಿಡಿಯೊ ಕಾಲ್‌ನಲ್ಲೇ ಮಾತುಕತೆ ನಡೀತಿದೆ. ಈಗ ದುಬೈನ ವ್ಯಾಪಾರಿಯೊಬ್ಬರು ಸರಕು ನೋಡಬೇಕು ಅಂತಿದ್ದಾರೆ, ಆದರೆ ಅವರಿಗೆ ವಾಟ್ಸ್‌ಆ್ಯಪ್ ಕಾಲ್ ತಗುಲೋದೇ ಇಲ್ಲ. ಕಂಪ್ಯೂಟರ್ ಅಂಗಡಿಯವರು ಆರು ಜನಕ್ಕೂ ಝೂಮ್‌ನ ವರ್ಷದ ಲೈಸೆನ್ಸ್, ಜೊತೆಗೊಂದು ವೆಬ್‌ಕ್ಯಾಮ್ ತಗೊಳ್ಳಿ ಅಂತಾರೆ. ತಗೊಳ್ಳೋಣವೇ?
— ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಸದ್ಯಕ್ಕೆ ಎರಡೂ ಬೇಡ.

ಮೊದಲು ದುಬೈ ವಿಷಯ. ನಿಮ್ಮ ಫೋನಾಗಲಿ ನೆಟ್ ಆಗಲಿ ಕೆಟ್ಟಿಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜು ಹೋಗುತ್ತದೆ, ಕಾಲ್‌ಗೆ ಅಲ್ಲಿ ತಡೆ ಇದೆ. ಝೂಮ್, ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್ ಅಲ್ಲಿ ನಡೆಯುತ್ತವೆ. ಹಾಗಾಗಿ ಆ ಗಿರಾಕಿಯನ್ನೇ ಒಂದು ಮಾತು ಕೇಳಿ: ‘ನೀವು ದಿನಾ ಯಾವುದನ್ನ ಬಳಸ್ತೀರಿ?’ ಅವರು ಹೇಳಿದ್ದೇ ನಿಮ್ಮ ಸಾಫ್ಟ್‌ವೇರ್. ಕೊಳ್ಳುವವರ ಕೈಲಿ ಹೊಸ ಆ್ಯಪ್ ಹಾಕಿಸಿ, ಪಾಸ್‌ವರ್ಡ್ ಮರೆತು ಒದ್ದಾಡಿಸುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ.

‘ಯಾವುದಾದರೂ ಸರಿ’ ಅಂದರೆ ಗೂಗಲ್ ಮೀಟ್ ಹಿಡಿಯಿರಿ. ಝೂಮ್‌ನ ಪುಕ್ಕಟೆ ಖಾತೆಯಲ್ಲಿ ಇಬ್ಬರೇ ಮಾತಾಡಿದರೂ 40 ನಿಮಿಷಕ್ಕೆ ಕಾಲ್ ಮುಗಿಯುತ್ತದೆ. ಮೀಟ್‌ನಲ್ಲಿ ಇಬ್ಬರಾದರೆ 24 ಗಂಟೆವರೆಗೆ ಅಡ್ಡಿಯಿಲ್ಲ. ಮೂವರು ಅಥವಾ ಹೆಚ್ಚು ಜನ ಸೇರಿದರೆ 60 ನಿಮಿಷ. ದರ ಕುದುರುವ ಹೊತ್ತಿಗೆ ಕಾಲ್ ಕಟ್ ಆಗೋದು ಯಾರಿಗೆ ಬೇಕು? ಝೂಮ್‌ನ ಪರವಾಗಿ ಒಂದು ಮಾತು: ಪುಕ್ಕಟೆ ಖಾತೆಯಲ್ಲೂ ಮಾತುಕತೆಯನ್ನು ನಿಮ್ಮ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಟ್ಟುಕೊಳ್ಳಬಹುದು. ಮೀಟ್‌ನಲ್ಲಿ ಅದಕ್ಕೆ ದುಡ್ಡು ಕೊಡಬೇಕು. ಯಾರಾದರೂ ಸ್ಕೈಪ್ ಅಂದರೆ, ಅದು 2025ರ ಮೇ ತಿಂಗಳಲ್ಲೇ ಬಾಗಿಲು ಹಾಕಿತು.

ಆರು ಲೈಸೆನ್ಸ್ ಅನ್ನುವ ಮಾತು ನನಗಂತೂ ಹಿಡಿಸಲಿಲ್ಲ. ಝೂಮ್‌ನಲ್ಲಿ ದುಡ್ಡು ಕಟ್ಟಬೇಕಾದ್ದು ಮೀಟಿಂಗ್ ಕರೆಯುವವರು ಮಾತ್ರ, ಬಂದು ಕೂರುವವರಲ್ಲ. ಮುಂದೆ ಬೇಕಾದರೂ ಒಂದೇ ಸಾಕು, ಅದೂ ಮೊದಲು ತಿಂಗಳ ಲೆಕ್ಕದಲ್ಲಿ. ಬೆಂಗಳೂರಿನವರಿಗೆ ವಾಟ್ಸ್‌ಆ್ಯಪ್ಪೇ ಇರಲಿ. 32 ಜನರವರೆಗೆ ಅದರಲ್ಲೇ ಆಗುತ್ತದೆ.

ಇನ್ನು ವೆಬ್‌ಕ್ಯಾಮ್. ನಿಮ್ಮ ನಿಜವಾದ ತೊಂದರೆ ಇರುವುದು ಇಲ್ಲಿ, ನೀವು ಅದನ್ನು ಕೇಳಿಲ್ಲ ಅಷ್ಟೆ. ನಿಮ್ಮ ಬೆಲ್ಲ ಕಂದು ಬಣ್ಣದ್ದು. ಅದನ್ನು ಕ್ಯಾಮೆರಾಕ್ಕೆ ತೀರಾ ಹತ್ತಿರ ಹಿಡಿದರೆ, ಪರದೆ ತುಂಬ ಗಾಢ ಬಣ್ಣ ಕಂಡ ಕ್ಯಾಮೆರಾ ‘ಇಲ್ಲಿ ಬೆಳಕು ಕಮ್ಮಿ’ ಅಂದುಕೊಂಡು ತಾನೇ ಬೆಳಕು ಏರಿಸುತ್ತದೆ. ಬಣ್ಣವನ್ನೂ ತನಗೆ ತೋಚಿದಂತೆ ತಿದ್ದುತ್ತದೆ. ನೀವು ಈ ಕಡೆ ‘ಏನೂ ಹಾಕಿಲ್ಲ ಸ್ವಾಮಿ’ ಅಂತ ಹೇಳ್ತಿರುತ್ತೀರಿ, ಆ ಕಡೆ ಪರದೆಯಲ್ಲಿ ಅಚ್ಚು ಹೈಡ್ರೋಸ್ (ಬಣ್ಣ ತಿಳಿಯಾಗಿಸುವ ರಾಸಾಯನಿಕ) ಹಾಕಿದ ಬೆಲ್ಲದ ಹಾಗೆ ತಿಳಿ ಹಳದಿಯಾಗಿ ಹೊಳೀತಿರುತ್ತದೆ!

ಇದಕ್ಕೆ ಮದ್ದು ಒಂದು ಬಿಳಿ ಹಾಳೆ. ಕಿಟಕಿ ಪಕ್ಕ ಮೇಜು ಹಾಕಿ, ಬೆಳಕು ಪಕ್ಕದಿಂದ ಬೀಳಲಿ. ಕಿಟಕಿಗೆ ಬೆನ್ನು ಮಾಡಿ ಕೂತರೆ ನೀವೇ ಕಪ್ಪಗೆ ಕಾಣುತ್ತೀರಿ. ಹಾಳೆ ಮೇಲೆ ಅಚ್ಚು ಇಟ್ಟು, ಒಂದಡಿ ದೂರದಿಂದ ಹಾಳೆಯೂ ಬೆಲ್ಲವೂ ಕಾಣುವಂತೆ ತೋರಿಸಿ. ಹಾಳೆ ಬೆಳ್ಳಗೆ ಕಂಡರೆ ಬೆಲ್ಲದ ಬಣ್ಣವೂ ಹೆಚ್ಚುಕಡಿಮೆ ಸರಿ ಅಂತ ಗಿರಾಕಿಗೆ ತಿಳಿಯುತ್ತದೆ. ಒಂದು ಅಚ್ಚು ಮುರಿದು ಒಳಗಿನ ಹರಳೂ ತೋರಿಸಿ. ಇದಕ್ಕೆ ನಿಮ್ಮ ಫೋನಿನ ಹಿಂದಿನ ಕ್ಯಾಮೆರಾ ಸಾಕು. ಮುಖ ಲ್ಯಾಪ್‌ಟಾಪಿನಲ್ಲಿರಲಿ, ಅದೇ ಲಿಂಕಿಗೆ ಫೋನಿನಿಂದಲೂ ಸೇರಿ. ಎರಡೂ ಒಂದೇ ಕೋಣೆಯಲ್ಲಿದ್ದರೆ ಫೋನಿನ ಮೈಕು, ಸೌಂಡು ಎರಡನ್ನೂ ಮುಚ್ಚಿ, ಇಲ್ಲದಿದ್ದರೆ ಕುಯ್ಯೋ ಅನ್ನುತ್ತದೆ. ಹಾಗೆ ಸೇರಿದಾಗ ನೀವು ಮೂವರ ಲೆಕ್ಕ, ಮೀಟ್‌ನಲ್ಲಿ 60 ನಿಮಿಷದ ಮಿತಿ ಬೀಳುತ್ತದೆ ಅನ್ನೋದು ನೆನಪಿರಲಿ.

ದುಡ್ಡು ಹಾಕುವುದಾದರೆ ಮೈಕಿರುವ ಒಂದು ಇಯರ್‌ಫೋನಿಗೆ ಹಾಕಿ. ಗಾಣ ತಿರುಗುವಾಗ ನಿಮ್ಮ ಮಾತು ಯಾರಿಗೂ ಕೇಳಿಸದು. ಕರೆಂಟು ಹೋದಾಗ ಲ್ಯಾಪ್‌ಟಾಪ್ ನಡೆದರೂ ರೂಟರ್ ಆರಿಹೋಗುತ್ತದೆ, ಅದಕ್ಕೊಂದು ಚಿಕ್ಕ ಯುಪಿಎಸ್ ಇರಲಿ. ಆಲೆಮನೆಯಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ, ಡೌನ್‌ಲೋಡ್ ಬಿಟ್ಟು ಅಪ್‌ಲೋಡ್ (ನಿಮ್ಮ ಕಡೆಯಿಂದ ಚಿತ್ರ ಹೋಗುವ ವೇಗ) ನೋಡಿ. ಝೂಮ್‌ನಲ್ಲಿ ಹಲವರು ಸೇರಿದಾಗ ಸ್ಪಷ್ಟವಾದ ಎಚ್‌ಡಿ (720ಪಿ) ಚಿತ್ರ ಸರಿಯಾಗಿ ಹೋಗಬೇಕಾದರೆ 2.6 ಎಂಬಿಪಿಎಸ್ ಅಪ್‌ಲೋಡ್ ಬೇಕು. ಅಷ್ಟು ಸಿಗದಿದ್ದರೆ ಆಲೆಮನೆಯ ವಿಡಿಯೊವನ್ನು ಮೊದಲೇ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಕಾಲ್ ಆಫೀಸಿನಿಂದ ಮಾಡಿ.

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮ 11 ಗಂಟೆಗೆ ಅಲ್ಲಿ 9:30. ಪಾಕ ಇಳಿಸಿ ಅಚ್ಚಿಗೆ ಹಾಕುವ ಹೊತ್ತು ಅದಕ್ಕೆ ಕೂಡಿಬರುವಂತೆ ಒಲೆ ಹಚ್ಚಿ. ಕೊಪ್ಪರಿಗೆ ಹತ್ತಿರ ಹೋದಾಗ ಹಬೆಗೆ ಲೆನ್ಸ್ ಮಂಜಾಗುತ್ತದೆ, ಜೇಬಲ್ಲೊಂದು ಹತ್ತಿಬಟ್ಟೆ ಇಟ್ಟುಕೊಳ್ಳಿ.